ಶಾಲೆಯ ಜಗಲಿಯಿಂದ: ಹುಡುಕುವ ಮುನ್ನವೇ ತಿಳಿಯುವ ಸೋಲು

ಬದಿಯಡ್ಕದ ಕಡೆಯ ಓದುಗ ತಾಯಿಯೊಬ್ಬರು ನಮಗೆ ಬರೆದ ಕಾಗದದಲ್ಲಿ ಹೀಗೊಂದು ಪ್ರಶ್ನೆ ಕೇಳಿದ್ದಾರೆ: "ನಮ್ಮ ಮನೆಯಲ್ಲಿ ಈಗ ನಾಲ್ಕು ಮೊಬೈಲುಗಳಿವೆ. ಮಕ್ಕಳು ಏನು ಕೇಳಿದರೂ ಅದರಿಂದ ಉತ್ತರ ತೆಗೆದು ತೋರಿಸುತ್ತಾರೆ. ನನಗೆ ಬೇಕಾದ ಸಂಗತಿ ಮಾತ್ರ ಅದರಲ್ಲಿ ಸಿಕ್ಕುವುದೇ ಇಲ್ಲ. ತೋಟಕ್ಕೆ ಮದ್ದು ಬಿಡುವ ವಿಚಾರ ಕೇಳಿದರೆ ಮಾತ್ರೆ ಸೇವಿಸುವುದನ್ನು ಒಮ್ಮೆಲೇ ನಿಲ್ಲಿಸಬಾರದೆಂಬ ವೈದ್ಯರ ಬುದ್ಧಿವಾದ ಬರುತ್ತದೆ. ದೋಷ ನನ್ನದೋ, ಯಂತ್ರದ್ದೋ?"

ದೋಷ ಅವರದಲ್ಲವೆಂದು ನಾವು ಮೊದಲೇ ಹೇಳಿಬಿಡುತ್ತೇವೆ. ನಮ್ಮ ಸೀಮೆಯಲ್ಲಿ "ಮದ್ದು ಬಿಡುವುದು" ಎಂದರೆ ಅಡಕೆಗೆ ಕೊಳೆರೋಗ ತಗಲದಂತೆ ಮೈಲುತುತ್ತು ಸುಣ್ಣಗಳ ದ್ರಾವಣವನ್ನು ಸಿಂಪಡಿಸುವುದು. ಮಳೆಗಾಲ ಹತ್ತಿರವಾದಾಗ ಈ ಮಾತಿಗೆ ಬೇರೆ ಅರ್ಥವೇ ಇಲ್ಲ. ಘಟ್ಟದ ಮೇಲಿನವರಿಗೆ ಅದೇ ಮಾತು ಔಷಧವನ್ನು ತ್ಯಜಿಸುವುದೆಂದು ಕೇಳಿಸುತ್ತದೆ. ಯಂತ್ರವು ಹೆಚ್ಚು ಜನ ಬರೆದ ಅರ್ಥವನ್ನು ಹಿಡಿಯಿತು. ಆ ತಾಯಿ "ಬೋರ್ಡೋ ದ್ರಾವಣ" ಎಂದು ಕೇಳಿದ್ದರೆ, ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು ಎಂಬ ಶೇಕಡ ಒಂದರ ಲೆಕ್ಕ ಕೂಡಲೇ ದೊರೆಯುತ್ತಿತ್ತು. ಅವರಿಗೆ ಆ ಲೆಕ್ಕ ಮೊದಲೇ ಬಾಯಿಪಾಠವಾಗಿ ಬರುತ್ತದೆಂಬುದು ಬೇರೆ ಮಾತು.

ಆದರೆ ಅವರ ಪ್ರಶ್ನೆಯ ಹಿಂದೆ ಇನ್ನೊಂದು ದೊಡ್ಡ ಪ್ರಶ್ನೆ ಅಡಗಿದೆ. ಅಂತರ್ಜಾಲದ ಹುಡುಕಾಟವು ಯಾವಾಗ ನಮಗೆ ನೆರವಾಗುವುದಿಲ್ಲವೆಂಬುದನ್ನು ಹುಡುಕುವ ಮುನ್ನವೇ ತಿಳಿಯಬಹುದೆ? ತಿಳಿಯಬಹುದೆಂದು ನಮ್ಮ ಅಭಿಪ್ರಾಯ. ಅದರಲ್ಲಿಯೂ ಗಡಿಯಾಚೆ ನೆಲೆಸಿರುವ ನಮ್ಮಂತಹ ಕನ್ನಡಿಗರಿಗೆ ಇದನ್ನು ತಿಳಿದಿರುವುದು ಉಳಿದವರಿಗಿಂತ ಹೆಚ್ಚು ಅಗತ್ಯವಾಗಿದೆ. ಅದೇಕೆಂಬುದನ್ನು ಈ ತಿಂಗಳು ವಿವರಿಸಲು ಯತ್ನಿಸುತ್ತೇವೆ.

ಹುಡುಕುವ ಯಂತ್ರವು ನಾವು ಪ್ರಶ್ನೆ ಕೇಳಿದ ಕ್ಷಣದಲ್ಲಿ ಲೋಕವನ್ನೆಲ್ಲ ಸುತ್ತಿ ಬರುತ್ತದೆಂದು ಅನೇಕರು ಭಾವಿಸಿದ್ದಾರೆ. ಹಾಗಲ್ಲ. ಅದು ಮೊದಲೇ ಕೋಟ್ಯಂತರ ಪುಟಗಳನ್ನು ಓದಿಟ್ಟುಕೊಂಡು, ದೊಡ್ಡ ಗ್ರಂಥದ ಕೊನೆಯಲ್ಲಿ ಇರುವ ಪದಸೂಚಿಯಂತೆ, ಯಾವ ಪದ ಯಾವ ಪುಟದಲ್ಲಿದೆಯೆಂಬ ಒಂದು ಸೂಚಿಯನ್ನು ಕಟ್ಟಿರುತ್ತದೆ. ನಾವು ಕೇಳಿದಾಗ ಅದು ನೋಡುವುದು ಆ ಸೂಚಿಯನ್ನು. ಸೂಚಿಯಲ್ಲಿ ಸಿಕ್ಕಿದ ಪುಟಗಳಲ್ಲಿ ಯಾವುದನ್ನು ಮುಂದಿಡಬೇಕು, ಯಾವುದನ್ನು ಹಿಂದಿಡಬೇಕು ಎಂಬ ತೀರ್ಮಾನವೇ ಅದರ ಮುಖ್ಯ ಕೌಶಲ. ಆದಕಾರಣ ಯಾರೂ ಬರೆಯದೆ ಇರುವುದು ಅದರಲ್ಲಿ ಇರಲಾರದು. ಬರೆದಿದ್ದರೂ ಯಂತ್ರಕ್ಕೆ ಓದಲು ಬಾರದ ರೂಪದಲ್ಲಿದ್ದರೆ ಅದೂ ಇಲ್ಲದುದಕ್ಕೆ ಸಮಾನ.

ಇಷ್ಟಾಗಿಯೂ ಯಂತ್ರವು "ನನಗೆ ತಿಳಿಯದು" ಎಂದು ಹೇಳುವುದು ಬಲು ಅಪರೂಪ. ತರಗತಿಯಲ್ಲಿ ಪ್ರಶ್ನೆ ಮುಗಿಯುವ ಮೊದಲೇ ಕೈಯೆತ್ತುವ ಒಬ್ಬ ಹುಡುಗನಿರುತ್ತಾನಷ್ಟೆ? ಅವನಂತೆ ಇದು. 2024ರ ಮೇ ತಿಂಗಳಿನಲ್ಲಿ ಗೂಗಲ್ ಸಂಸ್ಥೆಯು ಅಮೆರಿಕದಲ್ಲಿ ತನ್ನ ಹುಡುಕಾಟದ ಮೇಲ್ಗಡೆ ಕೃತಕ ಬುದ್ಧಿಯಿಂದ ರಚಿತವಾದ ಸಿದ್ಧ ಉತ್ತರಗಳನ್ನು ಕೊಡಲು ತೊಡಗಿದಾಗ, ದಿನಕ್ಕೆ ಎಷ್ಟು ಕಲ್ಲು ತಿನ್ನಬೇಕೆಂದು ಯಾರೋ ಕೇಳಿದರು. ದಿನಕ್ಕೆ ಒಂದಾದರೂ ಸಣ್ಣ ಕಲ್ಲು ತಿನ್ನುವುದು ಒಳ್ಳೆಯದೆಂಬ ಉತ್ತರ ಬಂದಿತು! ಅದು ಒಂದು ವಿಡಂಬನ ಪತ್ರಿಕೆಯ ಹಾಸ್ಯ ಲೇಖನದಿಂದ ಬಂದುದೆಂದು ಆಮೇಲೆ ತಿಳಿಯಿತು. ಸಂಸ್ಥೆಯವರು ಕೊಟ್ಟ ವಿವರಣೆಯು ಮನನೀಯವಾಗಿದೆ: ಅದಕ್ಕೆ ಮುಂಚೆ ಅಂತಹ ಪ್ರಶ್ನೆಯನ್ನು ಯಾರೂ ಕೇಳಿದ್ದಿಲ್ಲವೆಂದೇ ಹೇಳಬಹುದು, ಆ ವಿಷಯದಲ್ಲಿ ಗಂಭೀರವಾಗಿ ಬರೆದವರೂ ಇಲ್ಲ, ಖಾಲಿ ಬಿದ್ದ ಜಾಗದಲ್ಲಿ ಹಾಸ್ಯವೊಂದೇ ಕುಳಿತಿತ್ತು. ಇಂತಹ ಖಾಲಿ ಜಾಗಗಳಿಗೆ ಮೈಕ್ರೋಸಾಫ್ಟ್ ಸಂಸ್ಥೆಯ ಮೈಕೆಲ್ ಗೋಲೆಬಿಯೆವ್‌ಸ್ಕಿ ಎಂಬವರು 2018ರಲ್ಲಿ "ಡೇಟಾ ವಾಯ್ಡ್" ಎಂದು ಹೆಸರಿಟ್ಟರು. ಮಾಹಿತಿಯ ಶೂನ್ಯ ಎಂದು ನಾವು ಹೇಳಬಹುದು. ಶೂನ್ಯವು ಶೂನ್ಯವಾಗಿಯೇ ಉಳಿಯುವುದಿಲ್ಲ. ಹಾಳುಬಿದ್ದ ಮನೆಯಲ್ಲಿ ಬಾವಲಿ ಸೇರುವಂತೆ ಅಲ್ಲಿಗೆ ಏನಾದರೊಂದು ಬಂದು ಸೇರುತ್ತದೆ.

ಈ ಸೋಲನ್ನು ಯಂತ್ರವೇ ಮುಂಗಂಡು ತಿಳಿಸುವಂತೆ ಮಾಡಬಹುದೆ ಎಂಬುದು ವಿದ್ವಾಂಸರ ಹಳೆಯ ಚಿಂತೆ. 1972ರಲ್ಲಿಯೇ ಕ್ಯಾರನ್ ಸ್ಪಾರ್ಕ್ ಜೋನ್ಸ್ ಎಂಬ ಇಂಗ್ಲೆಂಡಿನ ವಿದುಷಿ, ಒಂದು ಪದವು ಎಷ್ಟು ಕಡಿಮೆ ಬರಹಗಳಲ್ಲಿ ಬರುತ್ತದೆಯೋ ಹುಡುಕುವಲ್ಲಿ ಅದಕ್ಕೆ ಅಷ್ಟು ಹೆಚ್ಚು ಬೆಲೆ ಕೊಡಬೇಕೆಂದು ತೋರಿಸಿಕೊಟ್ಟರು. "ರೋಗ" ಎಂಬ ಪದ ಎಲ್ಲೆಡೆಯೂ ಇದೆ, ಅದರಿಂದ ಏನೂ ಬೇರ್ಪಡುವುದಿಲ್ಲ. "ಕೊಳೆರೋಗ" ಎಂದೊಡನೆ ಜಗತ್ತು ಒಂದು ತೋಟದಷ್ಟಕ್ಕೆ ಕುಗ್ಗುತ್ತದೆ. ಪ್ರಶ್ನೆಯಲ್ಲಿರುವ ಪದಗಳೆಲ್ಲ ಸರ್ವಸಾಮಾನ್ಯವಾಗಿದ್ದರೆ ಉತ್ತರ ಕೆಡುವ ಸಂಭವ ಹೆಚ್ಚು. ಉತ್ತರವನ್ನು ನೋಡದೆಯೇ ಹೇಳಬಹುದಾದ ಮೊದಲನೆಯ ಭವಿಷ್ಯ ಇದು.

2002ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಕ್ರೋನನ್-ಟೌನ್‌ಸೆಂಡ್, ಝೌ ಮತ್ತು ಕ್ರಾಫ್ಟ್ ಎಂಬ ಮೂವರು ಇನ್ನೊಂದು ಉಪಾಯ ಹೇಳಿದರು. ಬಂದ ಉತ್ತರಗಳಲ್ಲಿ ಮೇಲಿನ ಕೆಲವನ್ನು ತೆಗೆದುಕೊಂಡು ಅವುಗಳ ಭಾಷೆಯನ್ನು ಇಡೀ ಭಂಡಾರದ ಸಾಮಾನ್ಯ ಭಾಷೆಯೊಡನೆ ಹೋಲಿಸಬೇಕು. ಎರಡೂ ಒಂದೇ ತೆರನಾಗಿದ್ದರೆ ಯಂತ್ರಕ್ಕೆ ಪ್ರಶ್ನೆ ತಿಳಿದಿಲ್ಲ. ಅದು ಸಿಕ್ಕಿದ್ದನ್ನು ಬಾಚಿ ತಂದಿದೆ. ಉತ್ತರಗಳ ಭಾಷೆ ಸ್ಪಷ್ಟವಾಗಿ ಬೇರೆಯಾಗಿ, ಒಂದೇ ವಿಷಯದ ಸುತ್ತ ಕೂಡಿಕೊಂಡಿದ್ದರೆ ಹುಡುಕಾಟ ಫಲಿಸಿದೆ. ಸಂತೆಯ ಬಾಗಿಲಲ್ಲಿ ನಿಂತರೆ ಮೀನು, ಬಟ್ಟೆ, ಬಸ್ಸು, ಜಗಳ ಎಲ್ಲವೂ ಕಿವಿಗೆ ಬೀಳುತ್ತದೆ. ತಾಳಮದ್ದಳೆಯ ಕೂಟದ ಹೊರಗೆ ನಿಂತವನಿಗೆ ಎರಡು ಮಾತಿನಲ್ಲಿಯೇ ಪ್ರಸಂಗ ಯಾವುದೆಂದು ಗೊತ್ತಾಗುತ್ತದೆ. ಆ ಅಂತರವನ್ನು ಅಳೆಯುವ ಒಂದು ಅಂಕಿ ಅವರದು. ಅದನ್ನು ಅವರು ಸ್ಪಷ್ಟತೆಯ ಅಂಕ ಎಂದು ಕರೆದರು.

ಕಳೆದ ವರ್ಷ ನಮ್ಮ ಏಳನೆಯ ತರಗತಿಯ ಮಕ್ಕಳಿಗೆ ಇದನ್ನು ನಾವು ಮಾಡಿ ತೋರಿಸಿದೆವು. ಒಬ್ಬ ಹುಡುಗಿ "ಸುರಂಗ ತೋಡುವುದು ಹೇಗೆ" ಎಂದು ಕೇಳಿದಳು. ರೈಲಿನ ಸುರಂಗ, ಮೆಟ್ರೋ ಸುರಂಗ, ಹೆದ್ದಾರಿಯ ಸುರಂಗ, ಮಧ್ಯೆ ಒಂದು ಯುದ್ಧವಾರ್ತೆ ಬಂದುವು. "ಮಾಸ್ಟ್ರೇ, ಇದು ಸಂತೆ" ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ. ಅಡ್ಡ ಗುಡ್ಡವನ್ನು ಕೊರೆದು ನೀರನ್ನು ಹೊರಗೆ ಹರಿಸುವ ನಮ್ಮ ಕಾಸರಗೋಡಿನ ಸುರಂಗ ಹೊರಗಿನವರಿಗೆ ಸುರಂಗವೇ ಅಲ್ಲವಲ್ಲ. "ಕಾಸರಗೋಡು ನೀರಿನ ಸುರಂಗ" ಎಂದು ತಿದ್ದಿ ಕೇಳಿದಾಗ ಸಂತೆ ಕರಗಿತು. ಎರಡು ಪದ ಸೇರಿದ್ದರಿಂದ ಆದ ಈ ಬದಲಾವಣೆಯನ್ನು ಮಕ್ಕಳು ಕಣ್ಣಾರೆ ಕಂಡರು. ಆದರೂ ಮಣ್ಣಿನ ಬಣ್ಣ ನೋಡಿ ಎಲ್ಲಿ ಗುದ್ದಲಿ ಹಾಕಬೇಕು, ಉಸಿರು ಕಟ್ಟತೊಡಗಿದರೆ ಏನು ಮಾಡಬೇಕು ಎಂಬುದು ಅಲ್ಲಿಯೂ ಇರಲಿಲ್ಲ. ಅದು ಶಾಲೆಯ ಕೆಳಗಿನ ಬೈಲಿನಲ್ಲಿರುವ ಎಪ್ಪತ್ತು ದಾಟಿದ ಒಬ್ಬ ಹಿರಿಯರ ತಲೆಯಲ್ಲಿದೆ. ಮರುವಾರ ಅವರನ್ನು ತರಗತಿಗೆ ಕರೆಸಿದೆವು. ಅವರು ಬರೆಯಲು ಕಲಿತವರಲ್ಲ; ಸೂಚಿಯಲ್ಲಿ ಅವರಿಲ್ಲ.

ಇಷ್ಟರ ತನಕ ಹೇಳಿದುದು ಎಲ್ಲ ಊರಿನವರಿಗೂ ಅನ್ವಯಿಸುವಂಥದು. ನಮ್ಮದೇ ಆದ ಸಂಕಟ ಇನ್ನು ಮುಂದೆ ಇದೆ.

"ಪಹಣಿ" ಎಂದು ಕನ್ನಡದಲ್ಲಿ ಕೇಳಿ ನೋಡಿರಿ. ಬರುವ ಉತ್ತರಗಳಲ್ಲಿ ಗೊಂದಲವೇ ಇರುವುದಿಲ್ಲ. ಎಲ್ಲವೂ ಒಂದೇ ಮಾತು ಆಡುತ್ತವೆ: ಕರ್ನಾಟಕ ಸರಕಾರದ ಭೂಮಿ ತಂತ್ರಾಂಶ, ಸರ್ವೆ ನಂಬರು, ಹೋಬಳಿ, ತಾಲೂಕು. ಸ್ಪಷ್ಟತೆಯ ಅಂಕ ಹಾಕಿದರೆ ಬಹಳ ಮೇಲೆ ನಿಲ್ಲಬೇಕಾದ ಉತ್ತರಗಳಿವು. ಆದರೆ ನಮ್ಮ ಜಿಲ್ಲೆಯಲ್ಲಿ ಹೋಬಳಿಯೇ ಇಲ್ಲ. ನಮ್ಮ ಭೂಮಿಯ ಲೆಕ್ಕ ಇರುವುದು ವಿಲೇಜ್ ಆಫೀಸಿನಲ್ಲಿ. ಅದಕ್ಕೆ ತಂಡಪ್ಪೇರು ಸಂಖ್ಯೆ ಬೇಕು, ಭೂತೆರಿಗೆಯ ರಶೀದಿ ಬೇಕು, ಬ್ಯಾಂಕಿನ ಸಾಲಕ್ಕೆ ಪೊಸೆಷನ್ ಸರ್ಟಿಫಿಕೇಟ್ ಬೇಕು. ಈ ಮಾತುಗಳಿಗೆಲ್ಲ ಒಳ್ಳೆಯ ವಿವರಣೆ ಮಲಯಾಳದಲ್ಲಿಯೂ ಇಂಗ್ಲಿಷಿನಲ್ಲಿಯೂ ಧಾರಾಳವಾಗಿ ಇದೆ. ಕನ್ನಡದಲ್ಲಿ ಕೇಳಿದ ತಪ್ಪಿಗೆ ನಾವು ಗಡಿ ದಾಟಿ ಇನ್ನೊಬ್ಬರ ಕಚೇರಿಯ ಮುಂದೆ ನಿಂತಿರುತ್ತೇವೆ. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ನಮ್ಮ ಮಾತು ಮಾತ್ರ ಹಾಗೆಯೇ ಉಳಿಯಿತು. ಯಂತ್ರವು ಮನುಷ್ಯನನ್ನು ಗುರುತಿಸುವುದು ಹೆಚ್ಚಾಗಿ ಆಡಿದ ಮಾತಿನಿಂದ. ಕಾಯಿದೆ ಗುರುತಿಸುವುದು ನಿಂತ ನೆಲದಿಂದ. ಇವೆರಡೂ ಒಂದೇ ಆಗಿರುವ ಮೈಸೂರಿನವನಿಗೋ ಧಾರವಾಡದವನಿಗೋ ಈ ತೊಡಕು ಅರಿವಿಗೇ ಬಾರದು.

ಇದರಿಂದ ಆಗುವ ನಷ್ಟ ಕೇವಲ ಬೇಸರದ್ದಲ್ಲ. ನಮ್ಮಲ್ಲಿ ಕಲಿತು ಹೋದ ಹುಡುಗಿಯೊಬ್ಬಳು ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಪಡೆದು ಒಂದು ವಿದ್ಯಾರ್ಥಿವೇತನಕ್ಕೆ ಅರ್ಹಳಾಗಿದ್ದಳು. ತಂದೆ ಅಡಕೆ ಸುಲಿಯುವ ಕೂಲಿ. ಮನೆಯಲ್ಲಿ ಎರಡು ವರ್ಷ ಹಿಂದಿನ ಆದಾಯ ಪ್ರಮಾಣಪತ್ರವಿತ್ತು. ಅದು ಇನ್ನೂ ನಡೆಯುತ್ತದೆಯೋ ಎಂದು ಅವರು ಮೊಬೈಲಿಗೆ ಬಾಯಿಯಿಂದಲೇ ಕೇಳಿದರು. ಹಲವು ವರ್ಷ ನಡೆಯುತ್ತದೆಂದು ಅಚ್ಚಗನ್ನಡದಲ್ಲಿ ಉತ್ತರ ಬಂದಿತು. ಆ ಉತ್ತರ ಸುಳ್ಳಾಗಿರಲಿಲ್ಲ, ಕರ್ನಾಟಕದವರಿಗೆ. ಕೊನೆಯ ದಿನ ಅರ್ಜಿ ಹಿಂದಕ್ಕೆ ಬಂದಾಗ ಹೊಸ ಪತ್ರ ಮಾಡಿಸಲು ಹೊತ್ತಿರಲಿಲ್ಲ. ಆ ಮಗು ಆ ವರ್ಷ ಪೇಟೆಯ ಶಾಲೆಗೆ ಹೋಗುವ ಬಸ್ಸಿನ ಖರ್ಚಿಗೆ ರಜಾದಿನಗಳಲ್ಲಿ ತಂದೆಯೊಡನೆ ಅಡಕೆ ಸುಲಿಯಿತು. ತಂದೆಯನ್ನು ಹಳಿಯಲು ನಮಗೆ ಮನಸ್ಸು ಬರುವುದಿಲ್ಲ. ತಮ್ಮ ಭಾಷೆಯಲ್ಲಿ ನಿಸ್ಸಂದಿಗ್ಧವಾಗಿ ಬಂದ ಮಾತನ್ನು ಅವರು ನಂಬಿದರು. ನಂಬಬಾರದೆಂದು ಅವರಿಗೆ ಯಾರು ಹೇಳಿಕೊಟ್ಟಿದ್ದರು?

2003ರ ಬೇಸಗೆಯಲ್ಲಿ ಅಮೆರಿಕದಲ್ಲಿ ಹಲವು ಸಂಸ್ಥೆಗಳ ಸಂಶೋಧಕರು ಒಂದೆಡೆ ಕಲೆತು, ಆಗಿನ ಉತ್ತಮ ಹುಡುಕು ವ್ಯವಸ್ಥೆಗಳು ಸೋತ ಪ್ರಶ್ನೆಗಳನ್ನೇ ಒಂದೊಂದಾಗಿ ಎತ್ತಿಕೊಂಡು ಕಾರಣ ಹುಡುಕಿದರು. ಮರುವರ್ಷ ಕ್ರಿಸ್ ಬಕ್ಲಿ ಎಂಬವರು ಅದನ್ನು ಬರೆದು ಪ್ರಕಟಿಸಿದರು. ಅವರು ಕಂಡುಕೊಂಡುದು ಇದು: ಬೇರೆ ಬೇರೆ ವ್ಯವಸ್ಥೆಗಳು ಬೇರೆ ಬೇರೆ ಪುಟಗಳನ್ನು ತಂದರೂ ಬಹುಮಟ್ಟಿಗೆ ಸೋಲಿನ ಕಾರಣ ಒಂದೇ ಆಗಿತ್ತು. ಪ್ರಶ್ನೆಗೆ ಎರಡು ಮುಖಗಳಿದ್ದರೆ ವ್ಯವಸ್ಥೆಯು ಒಂದನ್ನೇ ಗಟ್ಟಿಯಾಗಿ ಹಿಡಿದು ಇನ್ನೊಂದನ್ನು ಕೈಬಿಡುತ್ತಿತ್ತು. ಇಪ್ಪತ್ತು ವರ್ಷಗಳಲ್ಲಿ ಯಂತ್ರಗಳು ಎಷ್ಟೋ ಮುಂದೆ ಹೋಗಿವೆ, ನಿಜ. ಆದರೆ "ಕಾಸರಗೋಡು ಜಾತಿ ಪ್ರಮಾಣಪತ್ರ" ಎಂದು ಕನ್ನಡದಲ್ಲಿ ಕೇಳಿದಾಗ ಜಾತಿ ಪ್ರಮಾಣಪತ್ರ ಉಳಿದು ಕಾಸರಗೋಡು ಉದುರಿಹೋಗುವುದನ್ನು ನಾವು ಇಂದಿಗೂ ಕಾಣುತ್ತಿದ್ದೇವೆ. ಜಾತಿಗಳ ಪಟ್ಟಿ ರಾಜ್ಯ ರಾಜ್ಯಕ್ಕೆ ಬೇರೆ; ಗಡಿಯ ಆಚೆ ಒಂದು ಪಟ್ಟಿಯಲ್ಲಿರುವ ಸಮುದಾಯ ಈಚೆ ಇನ್ನೊಂದರಲ್ಲಿರಬಹುದು. ಇಲ್ಲಿ ಉದುರಿದ ಪದವೇ ಮುಖ್ಯವಾದುದು.

ಹೆಸರುಗಳ ತೊಡಕಂತೂ ವಿನೋದವೂ ಹೌದು, ವಿಪತ್ತೂ ಹೌದು. ನಮ್ಮ ಜಿಲ್ಲೆಯಲ್ಲಿ ಕಾಞಂಗಾಡಿನಲ್ಲಿ ಕಚೇರಿ ಇರುವ ತಾಲೂಕಿನ ಹೆಸರು ಹೊಸದುರ್ಗ. ಚಿತ್ರದುರ್ಗ ಜಿಲ್ಲೆಯಲ್ಲಿಯೂ ಒಂದು ಹೊಸದುರ್ಗ ತಾಲೂಕು ಇದೆ. ಕನ್ನಡದಲ್ಲಿ ಕೇಳಿದವನು ಯಾವ ಹೊಸದುರ್ಗಕ್ಕೆ ಹೋಗಿ ಸೇರುವನೆಂದು ಹೇಳಲು ಜ್ಯೋತಿಷ್ಯ ಬೇಕಾಗಿಲ್ಲ. ಆಂಧ್ರದ ರಾಯದುರ್ಗದ ನಮ್ಮ ಓದುಗರಿಗೆ ಹೈದರಾಬಾದಿನ ಮೆಟ್ರೋ ನಿಲ್ದಾಣವೊಂದು ಇದೇ ಹೆಸರಿನಿಂದ ಅಡ್ಡ ಬರುತ್ತದೆ. ಹೊಸೂರಿನವರ ಪಾಡನ್ನು ಕೇಳುವುದೇ ಬೇಡ. ಕರ್ನಾಟಕದಲ್ಲಿ ಹೊಸೂರು ಇಲ್ಲದ ಜಿಲ್ಲೆಯನ್ನು ಹುಡುಕುವುದೇ ಕಷ್ಟ.

ಶಾಲೆಯ ವಿಷಯಕ್ಕೆ ಬಂದರೆ, ಎರಡೂ ರಾಜ್ಯಗಳಲ್ಲಿ ಹತ್ತನೆಯ ತರಗತಿಯ ಪರೀಕ್ಷೆಗೆ ಎಸ್.ಎಸ್.ಎಲ್.ಸಿ. ಎಂದೇ ಹೆಸರು. ಕನ್ನಡ ಮಾಧ್ಯಮದ ನಮ್ಮ ಮಗು ಮಾದರಿ ಪ್ರಶ್ನೆಪತ್ರಿಕೆ ಹುಡುಕಿದರೆ ಬೆಂಗಳೂರಿನದು ರಾಶಿ ರಾಶಿ ಬಂದು ಬೀಳುತ್ತದೆ. ಪಠ್ಯ ಬೇರೆ, ಪ್ರಶ್ನೆಯ ಕ್ರಮ ಬೇರೆ. ಸಾಲದೆಂಬಂತೆ ಕೇರಳದಲ್ಲಿ 2024 ಮತ್ತು 2025ರಲ್ಲಿ ಪಠ್ಯಪುಸ್ತಕಗಳು ಹೊಸದಾದುದರಿಂದ, ನಮ್ಮದೇ ಆದ ಹಳೆಯ ಪುಟವೂ ಈಗ ದಾರಿ ತಪ್ಪಿಸುತ್ತದೆ. ನಿಯಮವಾಗಲಿ ಪಾಠವಾಗಲಿ ಈಚೆಗೆ ಬದಲಾಗಿದೆಯೆಂದು ಗೊತ್ತಿದ್ದರೆ, ಹುಡುಕಾಟ ಹಳತನ್ನೇ ಮೊದಲು ತರುವುದೆಂದು ತಿಳಿದುಕೊಂಡೇ ಹೊರಡಬೇಕು. ನಾಲ್ಕನೆಯ ತರಗತಿಯ ಎಲ್.ಎಸ್.ಎಸ್., ಏಳನೆಯದರ ಯು.ಎಸ್.ಎಸ್. ಪರೀಕ್ಷೆಗಳಿಗೆ ಮಲಯಾಳದಲ್ಲಿ ಸಿಕ್ಕುವಷ್ಟು ಸಾಮಗ್ರಿ ಕನ್ನಡದಲ್ಲಿಲ್ಲ. ಇಲ್ಲದುದನ್ನು ಯಂತ್ರ ತಾರದು. ಆದಕಾರಣ ನಮ್ಮ ತಾಯಂದಿರು ಈ ಪರೀಕ್ಷೆಗಳಿಗೆ ಮೊಬೈಲನ್ನು ಬೆದಕುತ್ತ ಕೂರದೆ, ನೇರವಾಗಿ ಕೇರಳದ ಎಸ್.ಸಿ.ಇ.ಆರ್.ಟಿ.ಯ ಪುಟವನ್ನೋ ಸಮಗ್ರ ಎಂಬ ಪುಟವನ್ನೋ ತೆರೆಯುವುದು ಲೇಸು. ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳು ಅಲ್ಲಿ ಉಂಟು.

ಯಂತ್ರದವರು ನಮ್ಮ ಸೋಲನ್ನು ಕಂಡು ತಿದ್ದಿಕೊಳ್ಳಲಾರರೆ ಎಂದು ಯಾರಾದರೂ ಕೇಳಬಹುದು. ಅವರು ನೋಡುತ್ತಾರೆ. ಉತ್ತರದ ಪುಟವನ್ನು ತೆರೆದವನು ತಟಕ್ಕನೆ ಹಿಂದೆ ಬಂದರೆ, ಅದೇ ಪ್ರಶ್ನೆಯನ್ನು ಮಾತು ಬದಲಿಸಿ ಮತ್ತೆ ಮತ್ತೆ ಕೇಳಿದರೆ, ಅವನಿಗೆ ಬೇಕಾದುದು ಸಿಕ್ಕಿಲ್ಲವೆಂದು ಲೆಕ್ಕ. ಪುಟದಲ್ಲಿ 30 ಸೆಕೆಂಡುಗಳಿಗೂ ಹೆಚ್ಚು ಕಾಲ ನಿಂತರೆ ತೃಪ್ತನಾದನೆಂದು ತಿಳಿಯುವುದು ಈ ಕ್ಷೇತ್ರದ ಸಂಶೋಧನೆಗಳಲ್ಲಿ ಬಳಕೆಯಲ್ಲಿರುವ ಒಂದು ಅಳತೆ. ಪುಟವನ್ನು ತೆರೆಯದೆ ಹೋದವರೆಲ್ಲರೂ ಸೋತವರಲ್ಲ, ಮೇಲ್ಗಡೆಯ ಸಾಲಿನಲ್ಲಿಯೇ ಉತ್ತರ ದೊರೆತು ಹೋದವರೂ ಇರುತ್ತಾರೆಂದು 2009ರಲ್ಲಿ ಗೂಗಲಿನ ಸಂಶೋಧಕರು ತೋರಿಸಿದ್ದಾರೆ. ಇವೆಲ್ಲ ಸೂಕ್ಷ್ಮವಾದ ಅಳತೆಗಳೇ. ಆದರೆ ಆ ಅಡಕೆ ಸುಲಿಯುವ ತಂದೆ ಯಾವ ಅಳತೆಗೆ ಸಿಕ್ಕಿಯಾನು? ಅವನು ಉತ್ತರವನ್ನು ಕೇಳಿದ, ಸಮಾಧಾನಪಟ್ಟ, ಮೊಬೈಲನ್ನು ಜೇಬಿಗೆ ಹಾಕಿದ. ಯಂತ್ರದ ಪುಸ್ತಕದಲ್ಲಿ ಅವನು ತೃಪ್ತ ಗಿರಾಕಿ. ಸೋಲು ತಿಳಿದುದು ಮೂರು ವಾರದ ಮೇಲೆ, ಕಚೇರಿಯ ಕಿಟಕಿಯಲ್ಲಿ, ಅಲ್ಲಿ ಯಂತ್ರವಿರಲಿಲ್ಲ.

ಕನ್ನಡ ಬರಹದ ಸ್ಥಿತಿಯಿಂದಲೂ ಕೆಲವು ಸೋಲುಗಳು ಬರುತ್ತವೆ. "ಅಡಕೆ" ಎಂದು ನಾವು ಬರೆಯುತ್ತೇವೆ, "ಅಡಿಕೆ" ಎಂದು ಇನ್ನೊಬ್ಬರು. ಮನೆ, ಮನೆಗೆ, ಮನೆಯಿಂದ, ಮನೆಯಲ್ಲಿ ಎಂದು ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವ ನಮ್ಮ ನುಡಿಯಲ್ಲಿ, ಒಂದು ರೂಪವನ್ನು ಕೇಳಿದಾಗ ಇನ್ನೊಂದು ರೂಪವಿರುವ ಪುಟ ತಪ್ಪಿಹೋಗುವ ಸಂಭವವುಂಟು. ಅದಕ್ಕಿಂತ ದೊಡ್ಡದು ಹಳೆಯ ಅಕ್ಷರಗಳ ಸಮಸ್ಯೆ. ಯೂನಿಕೋಡ್ ಎಂಬ ಸರ್ವಸಮ್ಮತ ಸಂಕೇತವು ವ್ಯಾಪಕವಾಗಿ ಬಳಕೆಗೆ ಬರುವ ಮುನ್ನ ಒಂದೊಂದು ಅಚ್ಚುಮನೆ ಒಂದೊಂದು ಬಗೆಯ ಅಕ್ಷರ ವಿನ್ಯಾಸದಲ್ಲಿ ಜೋಡಿಸಿದ ಲೇಖನಗಳು ಈಗ ಯಂತ್ರದ ಕಣ್ಣಿಗೆ ಅರ್ಥವಿಲ್ಲದ ಗೀಟುಗಳು. ಹಳೆಯ ಪುಸ್ತಕಗಳನ್ನು ಚಿತ್ರ ತೆಗೆದು ಹಾಕಿದ್ದಾರೆ. ಚಿತ್ರದೊಳಗಿನ ಅಕ್ಷರವನ್ನು ಗುರುತಿಸಿ ಓದಿಸದ ಹೊರತು ಅದೂ ಮೂಕವೇ. ಅಜ್ಜನ ಕಾಲದ ಸಂಗತಿಯನ್ನು ಹುಡುಕುವವರು ಪೇಟೆಯ ವಾಚನಾಲಯಕ್ಕೆ ಹೋಗುವ ಬಸ್ಸನ್ನು ಮೊದಲೇ ಹಿಡಿಯಬಹುದು.

ಇನ್ನೊಂದು ಎಚ್ಚರಿಕೆ ಹೇಳಬೇಕು. ವಾಟ್ಸಾಪಿನಲ್ಲಿ ಬಂದ ಗಾಳಿಸುದ್ದಿಯನ್ನು ಪರೀಕ್ಷಿಸಲೆಂದು ಅದರದೇ ಮಾತುಗಳನ್ನು ನಕಲು ಮಾಡಿ ಹುಡುಕುವ ರೂಢಿ ನಮ್ಮ ಯುವಕರಲ್ಲಿದೆ. ಇದು ಜಾಣತನವೆಂದೇ ತೋರುತ್ತದೆ. ಆದರೆ 2023ರ ಡಿಸೆಂಬರಿನಲ್ಲಿ "ನೇಚರ್" ಪತ್ರಿಕೆಯಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದ ಪ್ರಕಾರ, ಸುಳ್ಳು ಲೇಖನವನ್ನು ಪರಿಶೀಲಿಸಲು ಅಂತರ್ಜಾಲದಲ್ಲಿ ಹುಡುಕಿದವರು ಅದನ್ನು ನಿಜವೆಂದು ನಂಬುವ ಸಂಭವ ಹುಡುಕದವರಿಗಿಂತ ಶೇಕಡ 19ರಷ್ಟು ಹೆಚ್ಚಾಗಿತ್ತು. ಸುಳ್ಳಿನದೇ ತಲೆಬರಹವನ್ನು ಪ್ರಶ್ನೆಯಾಗಿಸಿದವರಿಗೆ ಅದೇ ಸುಳ್ಳನ್ನು ಬರೆದ ಕಳಪೆ ಪುಟಗಳೇ ಹೆಚ್ಚಾಗಿ ಎದುರಾಗುತ್ತಿದ್ದವು. ಕಳ್ಳನ ಸಾಕ್ಷಿಗೆ ಅವನ ತಮ್ಮನನ್ನು ಕರೆದಂತಾಯಿತು. ಸುದ್ದಿ ಇಂದು ಬೆಳಿಗ್ಗೆ ಹುಟ್ಟಿದ್ದರೆ, ಅದರ ಬಗೆಗೆ ಬಲ್ಲವರು ಇನ್ನೂ ಏನೂ ಬರೆದಿರುವುದಿಲ್ಲ; ಎರಡು ದಿನ ತಾಳುವುದೇ ಹುಡುಕಾಟಕ್ಕಿಂತ ಮೇಲು. ಹಾವು ಕಚ್ಚಿದಾಗ, ಮಗುವಿಗೆ ಉಸಿರಾಟ ಕಷ್ಟವಾದಾಗ ಹುಡುಕುವುದರ ಮಾತನ್ನಂತೂ ಎತ್ತಲೇಬಾರದು. ಅಲ್ಲಿ ಒಳ್ಳೆಯ ಉತ್ತರ ಸಿಕ್ಕಿದರೂ ಅದನ್ನು ಓದಿದಷ್ಟು ಹೊತ್ತು ಆಸ್ಪತ್ರೆ ದೂರವಾಗುತ್ತದೆ.

ಶಿಕ್ಷಕರ ತರಬೇತಿಯಲ್ಲಿ ನಮಗೆ ಪಾಠಟಿಪ್ಪಣಿ ಬರೆಯಲು ಕಲಿಸುವಾಗ, ಮಗು ಯಾವ ತಪ್ಪು ಉತ್ತರ ಕೊಟ್ಟೀತೆಂಬುದನ್ನು ಪ್ರಶ್ನೆಯ ಪಕ್ಕದಲ್ಲಿಯೇ ಮುಂದಾಗಿ ಬರೆದಿಡಲು ಹೇಳುತ್ತಿದ್ದರು. ಆಗ ಬೇಸರದ ಕೆಲಸವೆನಿಸಿದ್ದ ಅದು ಈಗ ತುಂಬ ಉಪಯೋಗಕ್ಕೆ ಬರುತ್ತಿದೆ. ನಮ್ಮ ಶಾಲೆಯಲ್ಲಿ ಈಗ ಮಕ್ಕಳು ಕಂಪ್ಯೂಟರಿನ ಮುಂದೆ ಕುಳಿತುಕೊಳ್ಳುವ ಮೊದಲು ನೋಟುಪುಸ್ತಕದಲ್ಲಿ ಪ್ರಶ್ನೆಯನ್ನೂ ಅದರ ಕೆಳಗೆ ಒಂದು ಸಾಲನ್ನೂ ಬರೆಯುತ್ತಾರೆ: ಈ ಉತ್ತರವನ್ನು ಬರೆದಿಟ್ಟಿರಬೇಕಾದವರು ಯಾರು, ಯಾವ ಭಾಷೆಯಲ್ಲಿ? ಚಂದ್ರನ ದೂರವನ್ನು ವಿಜ್ಞಾನಿಗಳು ಬರೆದಿರುತ್ತಾರೆ, ಬೇಕಾದ ಭಾಷೆಯಲ್ಲಿ ಸಿಕ್ಕುತ್ತದೆ. ಪಡಿತರ ಚೀಟಿಗೆ ಹೆಸರು ಸೇರಿಸುವ ಕ್ರಮವನ್ನು ಕೇರಳ ಸರಕಾರದವರು ಬರೆದಿರುತ್ತಾರೆ, ಮಲಯಾಳದಲ್ಲಿ. ನಮ್ಮ ಹೊಳೆಗೆ ಅಡ್ಡವಾಗಿ ಕಲ್ಲು ಮಣ್ಣುಗಳ ಕಟ್ಟವನ್ನು ಈ ವರ್ಷ ಯಾವ ದಿನ ಕಟ್ಟುತ್ತಾರೆಂಬುದನ್ನು ಯಾರೂ ಬರೆದಿರುವುದಿಲ್ಲ, ತೋಟದ ಯಜಮಾನರನ್ನು ಕೇಳಬೇಕು. ಈ ಒಂದು ಸಾಲನ್ನು ಬರೆಯಲಾಗದ ಮಗು ಕಂಪ್ಯೂಟರನ್ನು ಮುಟ್ಟದೆ ನಮ್ಮ ಬಳಿಗೆ ಬರುತ್ತದೆ. ಕೆಲವು ತಂದೆತಾಯಿಗಳು ಇದನ್ನು ಹಳೆಯ ಕಾಲದ ಮಾಸ್ತರಿಕೆ ಎಂದರು. ಇರಲಿ.

ಗೂಗಲ್ ಸಂಸ್ಥೆ ಹಲವು ವರ್ಷಗಳಿಂದ ಹೇಳುತ್ತ ಬಂದಿರುವ ಪ್ರಕಾರ, ಪ್ರತಿದಿನ ಬರುವ ಪ್ರಶ್ನೆಗಳಲ್ಲಿ ಸುಮಾರು ಶೇಕಡ 15ರಷ್ಟು ಅದು ಹಿಂದೆಂದೂ ಕಂಡಿರದಂಥವು. ಗಡಿಯ ಕನ್ನಡಿಗರ ಎಷ್ಟೋ ಪ್ರಶ್ನೆಗಳು ಆ ಪಾಲಿನಲ್ಲಿಯೇ ಇರಬಹುದೆಂದು ನಮ್ಮ ಊಹೆ. ಪ್ರಶ್ನೆಯೂ ವಿರಳ, ಉತ್ತರವನ್ನು ಕನ್ನಡದಲ್ಲಿ ಬರೆದಿಟ್ಟವರೂ ವಿರಳ.

ಆದುದರಿಂದ ಓದುಗ ಬಂಧುಗಳಲ್ಲಿ ಒಂದು ವಿನಂತಿ ಇದೆ. ಭೂಮಿಯ ದಾಖಲೆಗೆ ನಮ್ಮಲ್ಲಿ ತಂಡಪ್ಪೇರು ಎಂದಂತೆ, ಅಕ್ಕಲಕೋಟೆ, ಸೊಲ್ಲಾಪುರ, ಜತ್ತದವರಿಗೆ ಸಾತ್-ಬಾರಾ ಉತಾರ. ಹೊಸೂರು ತಾಳವಾಡಿಗಳಲ್ಲಿ ಪಟ್ಟಾ, ಚಿಟ್ಟಾ. ಆದವಾನಿ ಮಡಕಶಿರಾ ಕಡೆ ಅಡಂಗಲ್ ಮತ್ತು ಒನ್-ಬಿ. ತೆಲಂಗಾಣದಲ್ಲಿ ಪಟ್ಟಾದಾರ್ ಪಾಸ್‌ಬುಕ್. ಪಹಣಿ ಎಂಬ ಮಾತು ತೆಲಂಗಾಣದಲ್ಲಿಯೂ ಇರುವುದರಿಂದ ಅಲ್ಲಿನವರಿಗೆ ತೊಡಕು ಇಮ್ಮಡಿ. ಇದೇ ರೀತಿ ಆದಾಯ, ಜಾತಿ, ವಾಸಸ್ಥಳ, ಭಾಷಾ ಅಲ್ಪಸಂಖ್ಯಾತರೆಂಬ ಪತ್ರ, ಪಡಿತರ, ವಿದ್ಯಾರ್ಥಿವೇತನ ಇವುಗಳಿಗೆ ತಮ್ಮ ತಮ್ಮ ರಾಜ್ಯದ ಕಚೇರಿಯಲ್ಲಿ ನಡೆಯುವ ನಿಜವಾದ ಹೆಸರನ್ನು, ಅದನ್ನು ಕೊಡುವ ಕಚೇರಿಯನ್ನು, ಅದರ ಅವಧಿಯನ್ನು ಒಂದು ಕಾಗದದಲ್ಲಿ ಬರೆದು ಪತ್ರಿಕೆಯ ವಿಳಾಸಕ್ಕೆ ಕಳುಹಿಸಬೇಕು. ಅಂಚೆಯಲ್ಲಾಗಲಿ ಮೊಬೈಲಿನಲ್ಲಾಗಲಿ ಅಡ್ಡಿಯಿಲ್ಲ. ಅವಧಿಯನ್ನು ಮಾತ್ರ ಕಚೇರಿಯಲ್ಲಿ ವಿಚಾರಿಸಿಯೇ ಬರೆಯಬೇಕು, ಮೊಬೈಲನ್ನು ಕೇಳಿ ಬರೆಯಬಾರದು. ಬಂದವುಗಳನ್ನು ರಾಜ್ಯವಾರಾಗಿ ಜೋಡಿಸಿ, ಶಾಲೆಗಳಲ್ಲಿ ಹೊಸ ಪ್ರವೇಶ ತೊಡಗುವ ಜೂನ್ ತಿಂಗಳಿಗಿಂತ ಮೊದಲೇ ಈ ಪುಟದಲ್ಲಿ ಅಚ್ಚುಮಾಡಿಸುತ್ತೇವೆ.